ಮೂರು ಪಾತ್ರೆ ಗಂಜಿಯ ಶಿವಲಕ್ಷ್ಮಮ್ಮ

ರಾತ್ರಿ ಮುಚ್ಚಿದ ಕಾಡುದಾರಿಯ ಮದ್ದೂರು ಚೆಕ್‌ಪೋಸ್ಟಿನ ಗೇಟು ತೆರೆಯುವುದಕ್ಕೆ ಇನ್ನೂ ಹೊತ್ತಿದೆ. ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು ಸಾಲುಗಟ್ಟಿ ನಿಂತಿವೆ, ಡ್ರೈವರುಗಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಾರೆ. ಇತ್ತ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಹಂಗಳದಿಂದ ಬಂದ ಹಾಲಿನ ಆಟೋ ಒಂದು ಸಣ್ಣ ಆಯುರ್ವೇದ ಆಸ್ಪತ್ರೆಯ ಮುಂದೆ ನಿಲ್ಲುತ್ತದೆ. ಕ್ಯಾನುಗಳ ನಡುವೆ ಮುದುಡಿ ಕೂತಿದ್ದ ಶಿವಲಕ್ಷ್ಮಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋಗುತ್ತಾರೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬೀಸುವ ಚಳಿಗೆ ಹಲ್ಲು ಕಟಕಟಿಸಬೇಕು, ಈಕೆಗೆ ಮಾತ್ರ ಶಾಲೂ ಬೇಡ, ಸ್ವೆಟರೂ ಬೇಡ.

ಒಳಗೆ ಮೂರು ಒಲೆ, ಮೂರು ಪಾತ್ರೆ. ಮೊದಲನೆಯದರಲ್ಲಿ ಕೆಂಪಕ್ಕಿ ಗಂಜಿ ಮೆತ್ತಗೆ ಬೇಯುತ್ತದೆ, ಕೊನೆಗೆ ಜೀರಿಗೆ, ತುಪ್ಪ. ಎರಡನೆಯದರಲ್ಲಿ ಅಕ್ಕಿ, ಹೆಸರುಬೇಳೆ, ಬೂದುಗುಂಬಳದ ಹೋಳು, ಕೊತ್ತಂಬರಿ ಬೀಜ ನೆನೆಸಿದ ನೀರು. ಮೆಣಸಿನಕಾಯಿ ಆ ಪಾತ್ರೆಯ ಹತ್ತಿರವೂ ಸುಳಿಯುವಂತಿಲ್ಲ. ಮೂರನೆಯದರಲ್ಲಿ ತೆಳ್ಳಗಿನ ನವಣೆ ಗಂಜಿ, ಹುರುಳಿ ಕಟ್ಟು, ಕುಟ್ಟಿದ ಕಾಳುಮೆಣಸು, ಒಣಶುಂಠಿ. ಅದರ ಘಾಟಿಗೆ ವರಾಂಡದಲ್ಲಿ ಮಲಗಿದವರು ಸೀನಿಕೊಂಡೇ ಏಳುತ್ತಾರೆ. ಒಟ್ಟು ಮೂವತ್ತು ನಲವತ್ತು ಜನರ ಬೆಳಗಿನ ಆಹಾರ ಇದು. ಯಾವ ಪಾತ್ರೆಯದು ಯಾರಿಗೆ ಅನ್ನುವುದನ್ನು ನಾಡಿ ಹಿಡಿದು, ನಾಲಿಗೆ ನೋಡಿ, ಹೊಟ್ಟೆ ನಿದ್ದೆಗಳ ವಿಚಾರ ಕೇಳಿ ತೀರ್ಮಾನಿಸುವವರು ಡಾಕ್ಟರ್ ಭಾನು.

"ವಾತ ಅಂದ್ರ ಗಾಳಿ ಕಣಪ್ಪ," ಶಿವಲಕ್ಷ್ಮಿ ಸೌಟು ಆಡಿಸುತ್ತಲೇ ಹೇಳುತ್ತಾರೆ. "ಮೈ ಒಣಗ್ತದ, ಕೀಲು ಲಟಲಟ ಅಂತದ, ರಾತ್ರಿ ನಿದ್ದ ಬರಲ್ಲ. ಅಂಥವ್ರಿಗೆ ಬಿಸಿಬಿಸಿಯಾಗಿ, ತುಪ್ಪ ಬುಟ್ಟು ಕೊಡ್ಬೇಕು. ಪಿತ್ತ ಅಂದ್ರ ಬೆಂಕಿ. ಉರಿಯೋ ಒಲೆಗ ಯಾರಾರ ಸೌದೆ ತುರುಕ್ತಾರ? ತಣ್ಣಗ್ ಮಾಡ್ಬೇಕು. ಕಫ ಅಂದ್ರ ಕೆಸರು ಅನ್ಕಳಿ, ಮೈಯೆಲ್ಲ ಭಾರ. ಅವ್ರಿಗೆ ಒಸಿ ಚುರುಕ್ ಮುಟ್ಟುಸ್ಬೇಕು. ಮೂರೂ ಎಲ್ಲಾರ್ ಮೈಲೂ ಇರ್ತದ, ಯಾವ್ದೋ ಒಂದು ಜಾಸ್ತಿ ಇರ್ತದ. ಇದ್ನೆಲ್ಲ ಡಾಕ್ಟ್ರಮ್ಮ ಹೇಳ್ಕೊಟ್ಟದ್ದು. ನಾಡಿ ಅವ್ರದು, ಸೌಟು ನಂದು."

ಮನೆಯಲ್ಲೇ ಮೂರೂ ಇವೆ ಎಂದು ನಗುತ್ತಾರೆ. ಗಂಡ ಶಿವಮಲ್ಲು ಚೆಂಡುಹೂವಿನ ತೋಟದಲ್ಲಿ ಕೂಲಿ ಮಾಡುವವರು, ಶಾಂತ ಮನುಷ್ಯ, ಹಾಸಿಗೆ ಕಂಡರೆ ಪ್ರಾಣ, ಅವರು ಕಫ. ಎಂಬತ್ತರ ಗಡಿಯ ಅತ್ತೆ ಮಲ್ಲಮ್ಮ ಕಡ್ಡಿಯಂತಿದ್ದಾರೆ, ಕೂತಲ್ಲಿ ಕೂರುವವರಲ್ಲ, ಬಾಯಿಗೂ ಬಿಡುವಿಲ್ಲ, ಅವರು ವಾತ. ಇನ್ನು ತಾನು? "ನಾನ್ ಪಿತ್ತ ಕಣಪ್ಪ. ಹಸಿವಾದ್ರ ದೇವ್ರನ್ನೂ ಬಯ್ದ್‌ಬುಡ್ತೀನಿ." ಮೂಗಿನ ತುದಿಯಲ್ಲೇ ಕೋಪ ಅನ್ನುವುದು ಹಂಗಳದಲ್ಲಿ ಈಕೆಯ ಬಗ್ಗೆ ಹಳೆಯ ಮಾತು.

ಶಿವಲಕ್ಷ್ಮಿ ಹುಟ್ಟಿದ್ದು ಚಾಮರಾಜನಗರದಾಚೆ ಪುಣಜನೂರಿನಲ್ಲಿ. ಕಾಡಂಚಿನ ಊರು, ಮನೆಮಾತಿನಲ್ಲಿ ಅರ್ಧ ತಮಿಳು ಬೆರೆತಿರುತ್ತದೆ. ಮದುವೆಯಾಗಿ ಹಂಗಳಕ್ಕೆ ಬಂದ ಮೇಲೆ ಈರುಳ್ಳಿ ಕಿತ್ತಿದ್ದು, ಅರಿಸಿನ ಅಗೆದಿದ್ದು, ಹೂ ಬಿಡಿಸಿದ್ದು. ಹೊಲದಲ್ಲಿ ಮೇಸ್ತ್ರಿ ಕರೆಯುತ್ತಿದ್ದದ್ದು "ಏಯ್, ಆ ಕಡೆ ಸಾಲಿನವ್ಳೆ" ಅಂತ. ಏಳು ವರ್ಷದ ಹಿಂದೆ ಈ ಆಸ್ಪತ್ರೆಗೆ ಅಡುಗೆಯವರು ಬೇಕಾದಾಗ ಯಾರೋ ಕರೆತಂದರು. ಎರಡನೇ ದಿನವೇ ಕೇರಳದ ಸುಲ್ತಾನ್ ಬತ್ತೇರಿಯಿಂದ ಮಂಡಿನೋವಿಗೆ ಬಂದಿದ್ದ ಒಬ್ಬರು ಖಾಲಿ ಲೋಟ ವಾಪಸು ಕೊಡುತ್ತಾ "ಚೇಚಿ, ನಲ್ಲ ಕಂಞಿ" ಅಂದರಂತೆ. ಅಕ್ಕಾ, ಗಂಜಿ ಚೆನ್ನಾಗಿದೆ ಅಂದದ್ದು ಎಂದು ತಮಿಳು ಬಲ್ಲ ಕಿವಿಗೆ ಹೊಳೆದಾಗ ಶಿವಲಕ್ಷ್ಮಿ ಒಳಗೆ ಹೋಗಿ ಒಬ್ಬರೇ ಅತ್ತುಬಿಟ್ಟರು. ಆಮೇಲಾಮೇಲೆ ಇಡೀ ವಾರ್ಡು ಅವರನ್ನು ಶಿವಲಕ್ಷ್ಮಮ್ಮ ಅನ್ನತೊಡಗಿತು. "ಅಷ್ಟ್ ವರ್ಷ ಬಗ್ಗಿ ಬಗ್ಗಿ ದುಡ್ದಿದ್ದೆ. ಈ ಒಲೆ ಮುಂದ ನಿಂತ್ಮೇಲೇ ನೆಟ್ಟಗ್ ನಿಂತದ್ದು," ಅನ್ನುತ್ತಾರೆ.

ಆದರೆ ದೀಪದ ಬುಡದಲ್ಲೇ ಕತ್ತಲು. ಇಷ್ಟು ಜನರ ಪ್ರಕೃತಿಗೆ ತಕ್ಕಂತೆ ಗಂಜಿ ಕಾಸುವವರು ತಮ್ಮ ಹೊಟ್ಟೆಗೆ ಮಾಡಿಕೊಂಡದ್ದೇನು ಗೊತ್ತೇ? ಬಡಿಸುವ ಹೆಂಗಸು ಎಲ್ಲರಿಗಿಂತ ಮೊದಲು ಉಣ್ಣಬಾರದು ಅನ್ನುವುದು ಅತ್ತೆ ಹಾಕಿಕೊಟ್ಟ ನೇಮ. ಮದುವೆಯಾದ ವಾರದಲ್ಲೇ ಮಲ್ಲಮ್ಮ ಸೊಸೆಯ ಕೈಯಿಂದ ತುತ್ತು ಕಿತ್ತಿಟ್ಟು ಕಲಿಸಿದ ಪಾಠ ಅದು. ಆಸ್ಪತ್ರೆಯಲ್ಲೂ ಅದೇ ನಡೆಯಿತು. ನಸುಕಿನಿಂದ ಬರೀ ಕಾಫಿ ನೀರಿನ ಮೇಲೆ ನಿಂತು, ಕೊನೆಯ ರೋಗಿ ಲೋಟ ಇಳಿಸಿದ ಮೇಲೆ, ಹೊತ್ತು ನೆತ್ತಿಗೆ ಬರುವಾಗ ಉಣ್ಣುವುದು. ಉಳಿಯುತ್ತಿದ್ದದ್ದು ಯಾವುದು? ಮೂರನೇ ಪಾತ್ರೆಯದು. ಘಾಟು ಎಂದು ಮುಖ ಸಿಂಡರಿಸಿ ಅರ್ಧ ಜನ ಅದನ್ನು ಬಿಡುತ್ತಿದ್ದರು. ಅನ್ನ ಚೆಲ್ಲುವುದಕ್ಕೆ ಹಳ್ಳಿಯವರ ಕೈ ಬರುತ್ತದೆಯೇ? ಹೀಗೆ ಪಿತ್ತದ ಹೆಂಗಸು, ಒಲೆಯ ಮುಂದೆ ಹಸಿದು ನಿಂತು, ಕಫದವರ ಮೆಣಸಿನ ಗಂಜಿಯನ್ನೇ ವರ್ಷಗಟ್ಟಲೆ ಬಳಿದು ಉಂಡರು. ಸಾಲದ್ದಕ್ಕೆ ಪಕ್ಕದಲ್ಲಿ ಉಪ್ಪಿನಕಾಯಿ. ರುಚಿಯೋ ರುಚಿ.

ಎದೆಯುರಿ, ಹುಳಿತೇಗು ಶುರುವಾದವು. ಅದಕ್ಕೆಲ್ಲ ಸೋಡಾ ಕುಡಿದರು, ಯಾರಿಗೂ ಹೇಳಲಿಲ್ಲ. ಕಳೆದ ವರ್ಷ ಗೌರಿಹಬ್ಬದ ಹಿಂದೆ ಮುಂದೆ ಒಂದು ಬೆಳಿಗ್ಗೆ ಕುದಿಯುವ ಪಾತ್ರೆ ಇಳಿಸುತ್ತಿದ್ದಾಗ ಕಣ್ಣು ಕತ್ತಲೆ ಬಂದು ಕುಸಿದರು. ಗಂಜಿ ಪಕ್ಕಕ್ಕೆ ಚೆಲ್ಲಿತು. ಒಂದು ಗೇಣು ಈಚೆ ಬಿದ್ದಿದ್ದರೆ ಮೈಮೇಲೆ. ಡಾಕ್ಟರ್ ಭಾನು ತಾವೇ ಕಾರಿನಲ್ಲಿ ಕೂರಿಸಿಕೊಂಡು ಚಾಮರಾಜನಗರಕ್ಕೆ ಕರೆದೊಯ್ದರು. ಅಲ್ಲಿ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದವರು ಹುಣ್ಣಾಗಿದೆ ಎಂದು ಮಾತ್ರೆ ಬರೆದುಕೊಟ್ಟರು.

ವಾಪಸು ಬರುವ ದಾರಿಯಲ್ಲಿ ಡಾಕ್ಟರ್ ಭಾನು ಹೇಳಿದರು: "ಶಿವಲಕ್ಷ್ಮಮ್ಮ, ಇನ್ನು ಒಲೆ ಕೆಲಸ ಬೇಡ. ಬಟ್ಟೆ ಮಡಿಸೋದು, ವಾರ್ಡ್ ನೋಡ್ಕೊಳ್ಳೋದು ಮಾಡಿ. ಸಂಬಳ ಅಷ್ಟೇ ಇರುತ್ತೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಶಿವಲಕ್ಷ್ಮಿಗೆ ಎದೆ ಒಡೆದಂತಾಯಿತು. ಸಂಬಳ ಅಲ್ಲ ಅವರ ಚಿಂತೆ. ಒಲೆ ಬಿಟ್ಟರೆ ತಾನು ಮತ್ತೆ ಆ ಕಡೆ ಸಾಲಿನವಳೇ. "ಒಲೆ ಬುಡ್ಸ್‌ಬೇಡಿ ಡಾಕ್ಟ್ರಮ್ಮ. ಏನ್ ಮಾಡ್ಬೇಕೋ ಹೇಳಿ, ಮಾಡ್ತೀನಿ," ಎಂದು ಹಟ ಹಿಡಿದರು. ಡಾಕ್ಟರ್ ಯೋಚಿಸಿ ದೀಪಾವಳಿಯ ತನಕ ಗಡುವು ಕೊಟ್ಟರು. ಮಾತ್ರೆ ತಪ್ಪಿಸಬಾರದು. ಕಾಫಿ, ಉಪ್ಪಿನಕಾಯಿ, ಮೂರನೇ ಪಾತ್ರೆ ಬಂದ್. ಎಲ್ಲಕ್ಕಿಂತ ಮುಖ್ಯವಾಗಿ, ಎರಡನೇ ಪಾತ್ರೆಯ ಗಂಜಿ ಇಳಿದ ಕೂಡಲೇ ಮೊದಲ ಲೋಟ ಅವರೇ ಕುಡಿಯಬೇಕು, ಆಮೇಲೆ ವಾರ್ಡು. ಅಷ್ಟರಲ್ಲಿ ವಾಸಿಯಾಗದಿದ್ದರೆ ಬೇರೆ ಅಡುಗೆಯವರು ಬರುತ್ತಾರೆ.

ಕಾಫಿ ಬಿಟ್ಟರು. ಉಪ್ಪಿನಕಾಯಿಯ ಜಾಡಿಯನ್ನು ಯಾರಿಗೋ ಕೊಟ್ಟೇಬಿಟ್ಟರು. ಆ ಮೊದಲ ಲೋಟ ಮಾತ್ರ ಕುಡಿಯಲಾಗಲಿಲ್ಲ. ಲೋಟ ಎತ್ತಿದರೆ ವಾರ್ಡಿನಲ್ಲಿ ಯಾರೋ ಕೆಮ್ಮುತ್ತಾರೆ. ಕಾಯಿಲೆಯವರು ಹಸಿದು ಮಲಗಿರುವಾಗ ತಾನು ಕುಡಿಯುವುದೇ? ಗಂಜಿಯನ್ನು ಪಾತ್ರೆಗೇ ಸುರಿದುಬಿಟ್ಟು, ಡಾಕ್ಟರು ಕೇಳಿದಾಗ "ಕುಡ್ದೆ ಕಣಮ್ಮ" ಎಂದು ಸುಳ್ಳು ಹೇಳಿದರು. ಹೀಗೇ ದಿನ ಕಳೆದವು, ಎದೆಯುರಿ ತಗ್ಗಲಿಲ್ಲ. ಡಾಕ್ಟರ್ ಭಾನು ದಿನವೂ ಶಿವಲಕ್ಷ್ಮಿಯ ಮುಖವನ್ನೇ ನೋಡುತ್ತಿದ್ದರು. ದಸರೆಯೂ ಮುಗಿಯಿತು.

ಒಂದು ಸಂಜೆ ಮನೆಯಲ್ಲಿ ತಡೆಯಲಾರದೆ ಅತ್ತೆಯ ಮುಂದೆ ಎಲ್ಲ ಹೇಳಿಕೊಂಡರು. ಕೆಲಸ ಹೋಗುತ್ತದೆ ಎಂದು ಅತ್ತೆ ಬಯ್ಯಬಹುದು, ಇಲ್ಲವೇ ಮೊದಲು ಉಣ್ಣುವಂಥ ಕೆಲಸ ಯಾಕೆ, ಬಿಟ್ಟು ಬಾ ಅನ್ನಬಹುದು ಅಂದುಕೊಂಡಿದ್ದರು. ಬಾಯಿಗೆ ಬಿಡುವೇ ಕೊಡದ ಮಲ್ಲಮ್ಮ ಅವತ್ತು ಎಲೆಅಡಿಕೆ ಚೀಲ ಬಿಚ್ಚಿ ಹಾಗೇ ಕಟ್ಟಿ ಮಲಗಲು ಎದ್ದುಹೋದರು.

ಮರುದಿನ ನಸುಕಿನಲ್ಲಿ ಹಾಲಿನ ಆಟೋ ಬಂದಾಗ ಮಲ್ಲಮ್ಮ ಕಂಬಳಿ ಹೊದ್ದು ಸೊಸೆಗಿಂತ ಮೊದಲೇ ಹತ್ತಿ ಕೂತಿದ್ದರು. ಎಲ್ಲಿಗೆ ಅಂದರೆ ಸೊಸೆಗೂ ಜಾಗ ಬಿಟ್ಟು ಸರಿದರು. ಆಸ್ಪತ್ರೆಯ ಅಡುಗೆಮನೆಗೆ ಬಂದು, ಮೂಲೆಯಲ್ಲಿ ಗೋಡೆಗೊರಗಿ ಕಾಲು ಚಾಚಿ, ಗಂಜಿ ಬೇಯುವ ತನಕ ಕೂತರು. ಎರಡನೇ ಪಾತ್ರೆ ಇಳಿದದ್ದೇ "ಒಂದ್ ಲೋಟ ಬುಡು" ಅಂದರು. ಅತ್ತೆಗೆ ಹಸಿವಾಗಿದೆ ಅಂದುಕೊಂಡು ಶಿವಲಕ್ಷ್ಮಿ ತುಂಬಿಸಿಕೊಟ್ಟರು. ಮಲ್ಲಮ್ಮ ಅದನ್ನು ಸೊಸೆಯ ಕೈಗೇ ವಾಪಸಿಟ್ಟರು.

"ಕುಡಿ ಕೂಸು."

"ವಾರ್ಡ್‌ನವ್ರು ಇನ್ನೂ..."

"ಬದುಕಿರ್ತಾರ, ನೀ ಕುಡಿ. ನಮ್ಮತ್ತ ನಂಗ್ ಏಳ್ಕೊಟ್ರು, ನಾ ನಿಂಗ್ ಏಳ್ಕೊಟ್ಟಿ. ನಮ್ಮತ್ತ ಒಟ್ಟೆ ಇಡ್ಕಂಡೇ ಸತ್ರು. ಅವತ್ತೂ ನಂಗ್ ತಿಳೀನಿಲ್ಲ. ಅವತ್ತು ನಿನ್ ಕೈ ತುತ್ತ ಕಿತ್ತವ್ಳು ನಾನು. ಇವತ್ತು ನಾನೇ ಕುಡುಸ್ತಿವ್ನಿ, ಕುಡಿ."

ಶಿವಲಕ್ಷ್ಮಿ ಕುಡಿದರು. ಕಣ್ಣೀರು ಗಂಜಿಗೇ ಬಿತ್ತು, ಕುಡಿದರು. ಮಲ್ಲಮ್ಮ ಖಾಲಿ ಲೋಟ ಬಗ್ಗಿಸಿ ನೋಡಿ, ಖಾತ್ರಿ ಮಾಡಿಕೊಂಡು, ಮೊದಲ ಬಸ್ಸಿಗೆ ಹಂಗಳಕ್ಕೆ ಹೊರಟರು. ಒಂದು ವಾರ ಹೀಗೇ ದಿನಾ ಬಂದು ಕಾವಲು ಕೂತರು. ವಾರ್ಡಿನಲ್ಲಿ ಮೈಕೈ ಭಾರಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದ ದೊಡ್ಡಮಲ್ಲಪ್ಪ ಎಂಬ ಹಿರಿಯರು ಇದನ್ನು ಕಂಡು, "ಅಲ್ಲ ಕಣಮ್ಮ, ನಮ್ಗೆಲ್ಲ ಒಬ್ರು ಡಾಕ್ಟ್ರು ಸಾಕು, ನಿಂಗ ಇಬ್ರು," ಎಂದು ಛೇಡಿಸಿದರಂತೆ.

ಉರಿ ಒಂದೇ ದಿನಕ್ಕೆ ಆರಲಿಲ್ಲ. ಮಾತ್ರೆಯೂ ನಡೆಯಿತು, ಪಥ್ಯವೂ ನಡೆಯಿತು. ನಡುವೆ ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಬಜ್ಜಿ ತಿಂದು ರಾತ್ರಿಯಿಡೀ ಒದ್ದಾಡಿದ್ದನ್ನೂ ಶಿವಲಕ್ಷ್ಮಿ ಮುಚ್ಚಿಡುವುದಿಲ್ಲ. ದೀಪಾವಳಿಯ ಹೊತ್ತಿಗೆ ಡಾಕ್ಟರ್ ಭಾನು ಮತ್ತೆ ಪರೀಕ್ಷೆ ಮಾಡಿಸಿದರು. ಹುಣ್ಣು ಮಾಯುತ್ತಿತ್ತು. ಬೇರೆ ಅಡುಗೆಯವರ ಮಾತನ್ನು ಅವತ್ತಿನಿಂದ ಯಾರೂ ಎತ್ತಿಲ್ಲ. ಮೂರನೇ ಪಾತ್ರೆಯಲ್ಲಿ ಉಳಿದದ್ದು ಈಗ ಮನೆಗೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಶಿವಮಲ್ಲು ಅದನ್ನು ಬಿಸಿ ಮಾಡಿ ಕುಡಿದು ಬೆವರುತ್ತಾ ತೋಟಕ್ಕೆ ಹೊರಡುತ್ತಾರೆ.

ಬಿಸಿಲೇರಿದೆ. ಲೋಟಗಳನ್ನು ತೊಳೆದು ಕವುಚಿಯಾಗಿದೆ. ಇನ್ನೇನು ಆಸೆ ಎಂದು ಕೇಳಿದರೆ ಶಿವಲಕ್ಷ್ಮಿ ಒಲೆಯ ಬೂದಿ ಬಳಿಯುತ್ತಲೇ ಹೇಳುತ್ತಾರೆ.

"ನಮ್ಮತ್ತ ನನ್ನ ಕೂರ್ಸಿ ಉಣ್ಸುದ್ರು. ತಾವ್ ಮಾತ್ರ ಮನೇಲಿ ಇವತ್ತಿಗೂ ಎಲ್ಲಾರ್ದೂ ಆದ್ಮೇಲೇ ತಟ್ಟ ಹಿಡ್ಕಳದು. ವಾತದ ಮೈ, ಹೊಟ್ಟೆ ಒಣಗುಸ್ಬಾರ್ದು ಅಂದ್ರ ಕೇಳಲ್ಲ. ಅವ್ರಿಗ ಮೊದ್ಲು ಬಡಿಸ್ಬೇಕು, ಬಿಸಿಬಿಸಿಯಾಗಿ, ತುಪ್ಪ ಬುಟ್ಟು. ಅವ್ರು ಉಣ್ಣೋತನ್ಕ ನಾನು ಎದ್ರುಗ ಕೂತಿರ್ಬೇಕು. ಬಯ್ಕಳ್ಳಿ. ನಾನ್ ಬುಡಲ್ಲ."