ಕಡಲು ತುಂಬಿತು

ಮುತ್ತುವಿನ ಮನೆಯಲ್ಲಿ ಅಕ್ಕಿ ಮುಗಿಯುವುದಿಲ್ಲ, ತುಂಬುತ್ತದೆ. ಡಬ್ಬಿಯ ತಳ ಕಂಡ ದಿನ ಅವಳು "ಅಕ್ಕಿ ತುಂಬಿತ್, ತರ್ಕ್" ಎಂದು ಅಂಗಡಿಗೆ ಕಳಿಸುತ್ತಾಳೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾಳೆ. ಕಡಲಿಗೆ ಹೊರಟವರು ಬಾಯಿತಪ್ಪಿ "ಹೋತೆ" ಅಂದರೆ ಒಳಗೆ ಕರೆದು ಕೂರಿಸಿ, "ಬತ್ತೆ" ಅನ್ನಿಸಿಯೇ ಕಳಿಸುತ್ತಾಳೆ. ಪ್ರಾಯವೆಲ್ಲ ಬೈಂದೂರಿನ ಮನೆಮನೆಗೆ ಬುಟ್ಟಿ ಹೊತ್ತು ಮೀನು ಮಾರಿದ ಹೆಂಗಸು. ಬುಟ್ಟಿ ಬರಿದಾದಾಗಲೂ "ಮೀನಿಲ್ಲ" ಎಂದವಳಲ್ಲ. "ನಾಳೆ ಬತ್ತೆ" ಎಂದು ಮುಂದೆ ನಡೆದವಳು.

ಮುಂಬಯಿಯಲ್ಲಿ ಓದಿ ಬೆಳೆದ ಸೊಸೆ ಸೌಜನ್ಯಳಿಗೆ ಇದೆಲ್ಲ ಮೊದಮೊದಲು ನಗೆ ತರುತ್ತಿತ್ತು. ಈಗ ನಗುವಷ್ಟು ತ್ರಾಣವೂ ಇಲ್ಲ. ಮಗಳು ಕ್ಷಮಾಳಿಗೆ ಹಲ್ಲು ಬರುತ್ತಿದೆ, ಮನೆಯಲ್ಲಿ ನಿದ್ದೆಯಿಲ್ಲ. ಮೀನಿನ ಹೊಟ್ಟೆಯಲ್ಲೂ ಪ್ಲಾಸ್ಟಿಕ್ ಇದೆಯೆಂದು ಎಲ್ಲೋ ಓದಿದಂದಿನಿಂದ ಮಗುವಿಗೆ ಮೀನು ತಿನ್ನಿಸಲೂ ಭಯ, ತಿನ್ನಿಸದಿರಲೂ ಭಯ. ಗಂಡ ಯತೀಶ್ ಬೋಟಿನಲ್ಲಿ ಹೋದ ದಿನ ಅವಳ ಮೊಬೈಲಿನ ನಕ್ಷೆಯಲ್ಲಿ ಅವನ ಫೋನಿರುವ ಜಾಗ ತೋರಿಸುವ ಒಂದು ನೀಲಿ ಚುಕ್ಕಿ ಅಲುಗುತ್ತಿರುತ್ತದೆ. ಅದನ್ನು ನೋಡುತ್ತಲೇ ಅನ್ನ ಬೇಯಿಸುತ್ತಾಳೆ, ನೋಡುತ್ತಲೇ ಹಾಲೂಡಿಸುತ್ತಾಳೆ.

ಆ ದಿನ ಬೆಳಗಿನಿಂದ ಚುಕ್ಕಿ ಅಲುಗಿರಲಿಲ್ಲ.

ಅದೇ ದಿನ ಸಿನಿಮಾದವರಿಗೆ ಮುತ್ತು ಬೇಕಾಗಿದ್ದಳು. ಯಡ್ತರೆ ಕಡೆಯ ಕಡಲ ಬದಿಯಲ್ಲಿ ಚಿತ್ರೀಕರಣ ನಡೆದಿತ್ತು. ಕಥೆ ಮುಂದೆಂದೋ ಬರುವ ಕಾಲದ್ದಂತೆ. ಕಡಲು ಸತ್ತಿದೆ, ಮನುಷ್ಯರು ಯಂತ್ರವನ್ನು ಕೇಳದೆ ಬಾಗಿಲೂ ತೆಗೆಯುವುದಿಲ್ಲ. ದಡದಲ್ಲಿ ಸುರಿಯಲೆಂದು ಕುಂದಾಪುರದಿಂದ ಗೋಣಿಗಟ್ಟಲೆ ಕಸ ತಂದಿದ್ದರು. ಮಳೆಗಾಲದ ಕಡಲು ಅದಕ್ಕಿಂತ ಹೆಚ್ಚು ತಾನೇ ತಂದು ಎಸೆದಿದ್ದರಿಂದ ಗೋಣಿ ಬಿಚ್ಚುವ ಕೆಲಸವೇ ಬೀಳಲಿಲ್ಲ.

ನಿರ್ದೇಶಕ ಉಲ್ಲಾಸ್ ಮುತ್ತುವಿನ ಮೂಗಿಗೆ ಕೊಳವೆ ಸಿಕ್ಕಿಸುತ್ತ ವಿವರಿಸಿದ. "ಅಮ್ಮ, ನೀವು ಲೋಕದ ಕೊನೇ ಮೀನುಗಾರ್ತಿ. ಉಸಿರಾಡೋಕೂ ಯಂತ್ರ ಬೇಕು. ಅದು ಹೇಳದೆ ನೀವು ಏಳಲ್ಲ, ಕೂರಲ್ಲ."

"ಅದಕ್ಕೆ ನಾನ್ ಎಂತಕೆ? ನಮ್ಮನಿ ಸೊಸೆ ಇದ್ಲಲ್ದಾ, ಕಾಣಿ." ಮುತ್ತು ಮೊಬೈಲ್ ಹಿಡಿದು ನಿಂತ ಸೌಜನ್ಯಳತ್ತ ಗಲ್ಲ ಎತ್ತಿ ತೋರಿಸಿದಳು. "ಅವ್ಳಿಗೆ ಕಲ್ಸುದೇ ಬ್ಯಾಡ."

ಎಲ್ಲರೂ ನಕ್ಕರು. ಸೌಜನ್ಯ ನಗಲಿಲ್ಲ. ಚುಕ್ಕಿ ಅಲ್ಲೇ ಇತ್ತು. ಯತೀಶನ ಫೋನು ಹತ್ತುತ್ತಿರಲಿಲ್ಲ.

"ಖಾಲಿ ಬುಟ್ಟಿ ಎತ್ತಿ, 'ಕಡಲಲ್ಲಿ ಮೀನಿಲ್ಲ' ಅನ್ನಿ. ಅಷ್ಟೇ," ಎಂದ ಉಲ್ಲಾಸ್.

ಮುತ್ತು ಬುಟ್ಟಿ ಎತ್ತಿದಳು. ಬಾಯಿ ತೆರೆದಳು, ಮುಚ್ಚಿದಳು. "ಹಾಂಗ್ ಹೇಳುಕಾಗ. ಮಗ ಕಡ್ಲೊಳ್ಗ್ ಇದ್ದ."

"ಇದು ಸಿನಿಮಾ ಅಲ್ವಾ ಅಮ್ಮ?"

"ಕಡ್ಲಿಗೆ ಸಿನಿಮಾ ಅಂದ್ರೆ ಗೊತ್ತಾತ್ತಾ ಮಾರಾಯ್ರೆ?"

ಬಿಸಿಲು ಏರಿತು. ಉಲ್ಲಾಸ್ ಸೋತು ಸೌಜನ್ಯಳ ಬಳಿ ಬಂದ. "ನೀವು ಓದಿದವರು. ನೀವಾದ್ರೂ ಒಂದು ಸಲ ಹೇಳಿ ತೋರಿಸಿ, ಅವರಿಗೆ ಧೈರ್ಯ ಬರುತ್ತೆ."

ಅದರಲ್ಲೇನಿದೆ ಎಂದು ಸೌಜನ್ಯ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡಳು. "ಕಡಲಲ್ಲಿ..." ಎಂದಳು. ಕಣ್ಣು ಚುಕ್ಕಿಯ ಮೇಲೆ ಬಿತ್ತು. ನಾಲಿಗೆ ಮುಂದೆ ಹೋಗಲಿಲ್ಲ.

ಮುತ್ತು ಸೊಸೆಯ ಮುಖ ನೋಡಿದಳು. ಹಂಗಿಸಲಿಲ್ಲ. "ಅಲ್ಲೇ ನಿಂತಿತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಅಲ್ಲೇ ಇದೆ ಅತ್ತೆ. ಬೆಳಗ್ಗಿಂದ."

ಮುತ್ತು ಬುಟ್ಟಿಯನ್ನು ಕಡಲಿನತ್ತ ಎತ್ತಿ, ಬಳಲಿದ ದನಿಯಲ್ಲಿ "ಕಡಲ್ ತುಂಬಿತ್" ಎಂದಳು.

ಉಲ್ಲಾಸ್ ಬುಟ್ಟಿ ನೋಡಿದ, ದಡದ ಕಸ ನೋಡಿದ. "ಸೂಪರ್! ಕಸದಿಂದ ತುಂಬಿತು ಅಂತ! ಇದೇ ಇರಲಿ."

ಅವನಿಗೆ ಬಿಡಿಸಿ ಹೇಳುವ ತ್ರಾಣ ಇಬ್ಬರಿಗೂ ಇರಲಿಲ್ಲ.

ಬೈಗಿನ ಹೊತ್ತಿಗೆ ಯತೀಶ್ ಬಂದ. ಮೀನು ತೋರಿಸುವ ಯಂತ್ರ ಒಂದು ದೊಡ್ಡ ಗುಂಪು ತೋರಿಸಿತಂತೆ. ಹೋಗಿ ನೋಡಿದರೆ ಹರಿದ ಬಲೆ, ಪ್ಲಾಸ್ಟಿಕ್ ಚೀಲಗಳ ರಾಶಿ. ಅದೇ ಬೋಟಿನ ತಳದಲ್ಲಿ ತಿರುಗುವ ಫ್ಯಾನಿಗೆ ಸುತ್ತಿಕೊಂಡು ಎಂಜಿನ್ ನಿಂತಿತ್ತು. ಫೋನೂ ಸತ್ತಿತ್ತು. ಇನ್ನೊಂದು ಬೋಟಿನವರು ಎಳೆದು ತಂದಿದ್ದರು.

"ಬದುಕಿದ್ದೀನಿ ಅಂತ ಯಾರ ಹತ್ರನಾದ್ರೂ ಹೇಳಿಸೋಕೆ ಆಗಲಿಲ್ವಾ?" ಎಂದು ಸೌಜನ್ಯ ಅತ್ತಳು. ಅವನು ಅವಳನ್ನು ಅಳಲು ಬಿಟ್ಟ. ಅವನೂ ದಣಿದಿದ್ದ.

"ಮೀನು?" ಎಂದಳು ಕಣ್ಣೊರೆಸಿಕೊಂಡು.

ಯತೀಶ್ ತಾಯಿಯ ಮುಖ ನೋಡಿದ. "ತುಂಬಿತ್," ಎಂದ.

ಮುತ್ತು ಒಳಗೆ ಹೋಗಿ ಒಣಮೀನಿನ ಡಬ್ಬಿ ತೆಗೆದಳು. ಅದರಲ್ಲೂ ತಳ ಕಾಣುತ್ತಿತ್ತು. ಇದು ಇನ್ನೆಷ್ಟು ದಿನಕ್ಕೆ ಎಂದು ಕೇಳಹೊರಟ ಸೌಜನ್ಯ, ಮುಗಿಯುತ್ತದೆ ಎನ್ನದೆ ಯಾವ ಮಾತಿನಲ್ಲಿ ಕೇಳುವುದೆಂದು ತಿಳಿಯದೆ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.