ಮೊದಲು ನಮ್ಮ ಮಣ್ಣು

ಆಗ ಕುಷ್ಟಗಿ ಕಡೆಯ ನಮ್ಮೂರಲ್ಲಿ ಮಧ್ಯಾಹ್ನವಾಯಿತೆಂದು ತಿಳಿಯಲು ಗಡಿಯಾರ ನೋಡಬೇಕಿರಲಿಲ್ಲ. ಕಲ್ಲುಗಣಿಯಲ್ಲಿ ಮದ್ದು ಸಿಡಿಯುತ್ತಿತ್ತು, ಅಡುಗೆಮನೆಯ ಡಬ್ಬಿಗಳು ಅಲುಗುತ್ತಿದ್ದವು, ಸುಟ್ಟ ಮದ್ದಿನ ವಾಸನೆ ಪುಂಡಿಪಲ್ಯದ ಹುಳಿ ವಾಸನೆಯೊಂದಿಗೆ ಬೆರೆಯುತ್ತಿತ್ತು. ಗಣಿ ಇದ್ದದ್ದು ನಮ್ಮದೇ ಮಸಾರಿ ಹೊಲದಲ್ಲಿ. ಕೆಂಪು ಮಣ್ಣಿನ ಆ ಹೊಲವನ್ನು ಅಪ್ಪ ಗುತ್ತಿಗೆಗೆ ಕೊಟ್ಟಿದ್ದರು. ಕಲ್ಲು ತೆಗೆದು ಮುಗಿದ ಮೇಲೆ ಗುಂಡಿ ಮುಚ್ಚಿ, ಮೇಲೆ ಮಣ್ಣು ಹರಡಿ, ಉಳುವಂತೆ ಮಾಡಿ ಹಿಂದಿರುಗಿಸಬೇಕೆಂಬುದು ಮಾತು.

ಅದಕ್ಕಾಗಿ ಮೊದಲೇ ಕೆರೆದು ತೆಗೆದ ಮೇಲ್ಮಣ್ಣನ್ನು ಬದುವಿನ ಪಕ್ಕ ಗುಡ್ಡೆ ಹಾಕಿದ್ದರು. ನಮಗೆ ಮಕ್ಕಳಿಗೆ ಅದು ಜಾರುಬಂಡಿ. ಹರಿದ ಗೊಬ್ಬರದ ಚೀಲದ ಮೇಲೆ ಕುಳಿತು ಜಾರುತ್ತಿದ್ದೆವು, ಚಡ್ಡಿಯೆಲ್ಲ ಕೆಂಪು. ಅಪ್ಪನ ತಾಯಿ, ನಮ್ಮ ಆಯಿಗೆ ಮಾತ್ರ ಆ ಗುಡ್ಡೆಯೇ ಹೊಲ. ಎಳ್ಳಮಾವಾಸ್ಯೆಗೆ ಊರವರು ತಮ್ಮ ತಮ್ಮ ಬೆಳೆಯಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿದರೆ, ಆಯಿ ಸಜ್ಜೆ ಕಡುಬು, ಬದನೆಕಾಯಿ ಪಲ್ಯ ಹೊತ್ತು ಗುಡ್ಡೆಗೆ ಬರುತ್ತಿದ್ದಳು.

"ಇಳೀರ್ಯೋ. ಅಕಿ ಉಣ್ಣೂ ಮುಂದ ಮೈಮ್ಯಾಲೆ ಕುಣೀತೀರೇನು?"

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಗಣಿ ನಿಂತಿತು. ಪಕ್ಕದೂರಿನಲ್ಲಿ ಹೀಗೆಯೇ ಗುಡ್ಡೆ ಹಾಕಿದ್ದ ಮಣ್ಣನ್ನು ಗಣಿಯವರು ಇಟ್ಟಿಗೆ ಭಟ್ಟಿಗೆ ಸಾಗಿಸಿದ್ದರೆಂಬ ಸುದ್ದಿ ಆಯಿಯ ಕಿವಿಗೆ ಬಿದ್ದಿತ್ತು. ಗುಂಡಿ ಮುಚ್ಚುವ ದಿನ ಅವಳು ಬುತ್ತಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಹೋಗಿ ಟಿಪ್ಪರಿನ ಮುಂದೆ ಕುಳಿತಳು. ಓಡಿಸುತ್ತಿದ್ದವನು ನಮ್ಮ ಓಣಿಯ ಹುಸೇನಸಾಬ.

"ಮದ್ಲ ನಮ್ಮ ಮಣ್ಣು ಹಾಕು. ಕಲ್ಲು ಆಮ್ಯಾಲೆ."

"ಮಣ್ಣು ಕಡೀಗೆ ಬೀಳಬೇಕ್ರಿ ಆಯಿ. ಕಲ್ಲು ಕೆಳಗ, ಮಣ್ಣು ಮ್ಯಾಗ."

"ಕಡೀಗಂದ್ರ ನಿಮ್ಮ ಸಾಹುಕಾರ ತುಂಬ್ಕೊಂಡು ಹೋಗಿರ್ತಾನ. ನನಗ ಹೇಳಾಕ ಬರ್ತಿ? ನೀ ಹುಟ್ಟಿದಾಗ ಹೊಕ್ಕಳ ಕೊಯ್ದಾಕಿ ನಾನು."

"ಅದನ್ನ ದಿನಾ ಹೇಳ್ತೀರಲ್ರಿ," ಎಂದು ಹುಸೇನಸಾಬ ನಕ್ಕು, ಬದುವಿನ ಮೇಲೆ ನಿಂತಿದ್ದ ಅಪ್ಪನ ಮುಖ ನೋಡಿದ.

ಅಪ್ಪನಿಗೂ ಅದೇ ಅಂಜಿಕೆ. "ಅವ್ವ ಹೇಳಿದಂಗ ಮಾಡಪಾ," ಎಂದರು. ಗಣಿಯ ಮೇಸ್ತ್ರಿಯೂ ತಡೆಯಲಿಲ್ಲ, ಗುಡ್ಡೆ ಗುಂಡಿಗೆ ಹತ್ತಿರವಿತ್ತು, ಡೀಸೆಲ್ ಉಳಿಯುತ್ತಿತ್ತು.

ಕೆಂಪು ಮಣ್ಣೆಲ್ಲ ಗುಂಡಿಯ ತಳಕ್ಕೆ ಬಿತ್ತು. ಕೊನೆಯ ಟಿಪ್ಪರ್ ಸುರಿದ ಮೇಲೆಯೇ ಆಯಿ ಬುತ್ತಿ ಬಿಚ್ಚಿದ್ದು. ಮರುದಿನದಿಂದ ಅದರ ಮೇಲೆ ಒಡೆದ ಕಲ್ಲು ಬೀಳತೊಡಗಿತು. ಪರಿಶೀಲನೆಗೆ ಬಂದ ಅಧಿಕಾರಿಗಳು ಬದುವಿನ ಮೇಲೆ ನಿಂತೇ ಗುಂಡಿ ಮುಚ್ಚಿದೆ ಎಂದು ಹೇಳಿ ಹೋದರು.

ಮುಂಗಾರಿಗೆ ಅಪ್ಪ ಎತ್ತು ಹೂಡಿದರು. ಕುಂಟೆ ಕಲ್ಲಿಗೆ ಬಡಿಯಿತು, ಎತ್ತುಗಳು ನಿಂತವು. ಅಪ್ಪ ಮತ್ತೆ ಹೊಡೆಯಲಿಲ್ಲ. ಮಳೆನೀರು ಆಗಲೇ ಸಂದಿಗಳಲ್ಲಿ ಇಳಿದುಹೋಗಿ ಮೇಲೆಲ್ಲ ಒಣಗಿತ್ತು. ಆಯಿ ಬಾಗಿ ಒಂದು ಕಲ್ಲು ಸರಿಸಿದಳು. ಅದರ ಕೆಳಗೆ ಇನ್ನೊಂದು ಕಲ್ಲು.

"ಐತಿ ಬಿಡು, ಕೆಳಗ ಐತಿ," ಎಂದಳು. "ಯಾರೂ ಒಯ್ದಿಲ್ಲ."

ಆಯಿ ಈಗಿಲ್ಲ. ಆ ಜಾಗದಲ್ಲಿ ಜಾಲಿ ಕೂಡ ಅಂಚಿನಲ್ಲಷ್ಟೇ ಬೆಳೆದಿದೆ. ಮದ್ದಿನ ಸದ್ದು ನಿಂತಿದೆ. ಹಾಲು ತುಂಬಿದ ಸಜ್ಜೆ ತೆನೆಯ ವಾಸನೆ ಹೇಗಿರುತ್ತದೆಂದು ನನ್ನ ಮಗಳಿಗೆ ಹೇಳಹೋದರೆ ಮಾತು ಸಿಗುವುದಿಲ್ಲ. ಎಳ್ಳಮಾವಾಸ್ಯೆಗೆ ಮಾತ್ರ ಈಗಲೂ ಹೋಗುತ್ತೇವೆ. ಚೆಲ್ಲಿದ ಚರಗ ಕಲ್ಲುಗಳ ನಡುವೆ ಇಳಿದು ಕಣ್ಮರೆಯಾಗುತ್ತದೆ. ಮಣ್ಣಿನವರೆಗೆ ಅದು ಮುಟ್ಟುವುದಿಲ್ಲ. ನಡುವೆಯೇ ಎಲ್ಲೋ ಇರುವೆಗಳು ತಿಂದು ಮುಗಿಸುತ್ತವೆ.