ಚೌಡಕ್ಕನ ಎಕ್ಕಡ

"ಛೀ ಪಾಡು!" ಎನ್ನದೆ ಚೌಡಕ್ಕನ ಬಾಯಲ್ಲಿ ಒಂದು ಮಾತೂ ಶುರುವಾಗುತ್ತಿರಲಿಲ್ಲ. ಚಹಾಕ್ಕೆ ಸಕ್ಕರೆ ಜಾಸ್ತಿಯಾದರೂ ಛೀ ಪಾಡು, ಎದುರು ಮನೆಯವರು ಜಗಳವಾಡಿದರೂ ಛೀ ಪಾಡು. ಮೊಳಕಾಲ್ಮುರಿನಲ್ಲಿ ಆಕೆಯ ಮನೆಯ ಹಿಂಭಾಗದಲ್ಲಿ ನಾವು ಒಂಬತ್ತು ವರ್ಷ ಬಾಡಿಗೆಗಿದ್ದೆವು. ಮುಂಭಾಗದಲ್ಲಿ ಆಕೆಯ ಗುಂಡಿಮಗ್ಗ. ಆಕೆಯ ಮನೆಮಾತು ತೆಲುಗು. ನಾನು ಚಳ್ಳಕೆರೆಯವನಾದರೂ ತೆಲುಗು ಬಾರದು. ನಾಯಿಪಾಡು, ನಮ್ಮ ಪಾಡು ಅನ್ನುತ್ತೇವಲ್ಲ, ಹಾಗೆ ಇದೂ ಏನೋ ಕನಿಕರದ ಮಾತಿರಬೇಕೆಂದು ಬಹಳ ದಿನ ತಿಳಿದಿದ್ದೆ. ಅದು ಅಪ್ಪಟ ಅಸಹ್ಯದ ಮಾತೆಂದು ಗೊತ್ತಾಗುವ ಹೊತ್ತಿಗೆ ಆಕೆ ನನಗೇ ಅದನ್ನು ನೂರು ಸಲ ಅಂದಾಗಿತ್ತು.

ಗಿಡ್ಡ ಆಸಾಮಿ. ಮೂಗಿನ ಎರಡೂ ಬದಿಗೆ ಮೂಗುಬೊಟ್ಟು. ಮುರಿದ ಕನ್ನಡಕದ ಒಂದು ಕಾಲಿನ ಬದಲು ರೇಷ್ಮೆ ದಾರ ಕಟ್ಟಿಕೊಂಡು ಕಿವಿಗೆ ಸುತ್ತಿಕೊಳ್ಳುತ್ತಿದ್ದಳು. ಬೆಳಿಗ್ಗೆ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಓದು ಬರಹ ಇಲ್ಲ. ಗುಂಡಿ ಒತ್ತುವ ಹಳೇ ಫೋನೊಂದನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಿರುತ್ತಿದ್ದಳು.

ದೊಡ್ಡ ಫೋನುಗಳನ್ನು ಕಂಡರೆ ಆಕೆಗೆ ಸಿಟ್ಟಿರಲಿಲ್ಲ. ಅವನ್ನು ಹಿಡಿದ ದೊಡ್ಡವರನ್ನು ಕಂಡರೆ ಇತ್ತು. ಎದುರು ಮನೆಯ ಸೊಸೆ ಕೂಸಿನ ಮುಂದೆ ಫೋನು ನಿಲ್ಲಿಸಿ, ತಾನೂ ಅದನ್ನೇ ನೋಡುತ್ತ, ತುತ್ತು ತುರುಕುತ್ತಿದ್ದಳು. ತುತ್ತು ಕೂಸಿನ ಮೂಗಿಗೆ ಹೋಯಿತು. ಚೌಡಕ್ಕ ಮಗ್ಗದಿಂದಲೇ ಕೂಗಿದಳು: "ಛೀ ಪಾಡು! ಕೂಸಿಗೆ ಉಣಸ್ತಿದೀಯೋ, ಚೀಲಕ್ಕೆ ಜ್ವಾಳ ತುಂಬ್ತಿದೀಯೋ? ಅದು ಏನ್ ಉಂಡೆ ಅಂತ ಅದಕ್ಕೂ ಗೊತ್ತಿಲ್ಲ, ಏನ್ ಉಣಿಸ್ದೆ ಅಂತ ನಿನಗೂ ಗೊತ್ತಿಲ್ಲ!" ಸೊಸೆ ಒಂದು ವಾರ ಮಾತು ಬಿಟ್ಟಳು. ಕೂಸು ಮಾತ್ರ ತೆವಳಿಕೊಂಡು ಮಗ್ಗದ ಬಳಿಗೇ ಬರತೊಡಗಿತು.

ನಾವು ಆ ಮನೆಗೆ ಹೋದ ಹೊಸತರಲ್ಲಿ ನಡೆದದ್ದನ್ನು ಹೇಳಲೇಬೇಕು. ಮಗ್ಗದ ಆ ಬದಿ ಚೌಡಕ್ಕನ ನಾದಿನಿ ಕೂತು ಅಂಚಿನ ಲಾಳಿ ಎಸೆಯುತ್ತಿದ್ದಳು. ಏನೋ ಕೇಳಲು ನಾನು ಬಾಗಿಲಲ್ಲಿ ನಿಂತಿದ್ದೆ. ನಾದಿನಿ ಇದ್ದಕ್ಕಿದ್ದಂತೆ "ಪೋಗು!" ಎಂದಳು. ನನಗೇ ಹೋಗು ಅಂದಳೆಂದು ಒಂದು ಹೆಜ್ಜೆ ಹಿಂದೆ ಸರಿದೆ. ಚೌಡಕ್ಕ ಲಾಳಿ ನಿಲ್ಲಿಸಿ "ಎಕ್ಕಡ?" ಎಂದಳು. ಎಲಾ, ಎಕ್ಕಡ ಕೇಳಿದ್ದು ನನ್ನನ್ನು ಹೊಡೆಯಲಿಕ್ಕೋ, ತಾನೇ ಎದ್ದು ಹೊರಡಲಿಕ್ಕೋ ತಿಳಿಯದೆ, ಹೊಸಿಲ ಬಳಿ ಬಿಟ್ಟಿದ್ದ ಆಕೆಯ ಚಪ್ಪಲಿ ತಂದು ಮುಂದಿಟ್ಟೆ. ಇಬ್ಬರೂ ನಕ್ಕು ನಕ್ಕು ಸುಸ್ತಾದರು.

"ಛೀ ಪಾಡು, ಮಗ್ಗದ ಹತ್ರ ಎಕ್ಕಡ ತಂದಿಟ್ರಲ್ರೀ ಮೇಷ್ಟ್ರೇ! ಪೋಗು ಅಂದ್ರೆ ಎಳೆ. ಹಾಸಿನ ಎಳೆ ಹರೀತು ಅಂತ ಕೂಗಿದ್ಲು. ಎಕ್ಕಡ ಅಂದ್ರೆ ಎಲ್ಲಿ ಅಂತ. ಹುಡುಗರಿಗೆ ಏನ್ ಕಲಿಸ್ತೀರೋ, ಆ ದೇವರಿಗೇ ಗೊತ್ತು."

ಆಮೇಲೆ ಕಥೆ ಹೇಳಿದಳು. ಹತ್ತು ವರ್ಷದವಳಿದ್ದಾಗ ಅಪ್ಪನ ಮಗ್ಗದಲ್ಲಿ ಆಕೆಯೂ ಹೀಗೇ ಎದುರು ಕೂರುತ್ತಿದ್ದಳಂತೆ. ಒಂದು ದಿನ ಎಳೆ ಹರಿದದ್ದು ಕಂಡಿತು. ಹಿಂದಿನ ದಿನ ಇಂಥದ್ದಕ್ಕೇ ಏಟು ಬಿದ್ದಿತ್ತು. ಸುಮ್ಮನಿದ್ದಳು. ಸೀರೆಯುದ್ದಕ್ಕೂ ಗೆರೆ ಬಿತ್ತು. ಮುಗಿದ ಸೀರೆ ಬಿಚ್ಚಿ ನೋಡಿದ ಅಪ್ಪ ಮಗಳನ್ನು ಹೊಡೆಯಲಿಲ್ಲ, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡನಂತೆ. ಅಂದಿನಿಂದ ಆ ಮನೆಯಲ್ಲಿ ಒಂದು ಕಟ್ಟಳೆ: ಪೋಗು ಎಂದು ಕೂಗಿದವರನ್ನು ಬೈಯುವಂತಿಲ್ಲ. ಎಕ್ಕಡ ಎಂದಷ್ಟೇ ಕೇಳಬೇಕು. ಯಾಕೆ, ಹೆಂಗೆ, ಯಾರು ಎಂಬುದೆಲ್ಲ ಗಂಟು ಹಾಕಿದ ಮೇಲೆ.

ನನ್ನ ಮಗಳು ಕಾವ್ಯ ಬೆಳೆದದ್ದು ಆ ಮಗ್ಗದ ಪಕ್ಕದಲ್ಲೇ. ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ಅಲ್ಲಿ ಕೂರುತ್ತಿದ್ದಳು. ಹರಿದ ಎಳೆ ಮೊದಲು ಅವಳ ಕಣ್ಣಿಗೇ ಬೀಳುತ್ತಿತ್ತು. "ಅಜ್ಜೀ, ಪೋಗು!" ಎಂದು ಕೂಗುವಾಗ ಅವಳಿಗೆ ಏನು ಜಂಬ!

ನಾನೋ, ಊರಿಗೆಲ್ಲ ಬುದ್ಧಿ ಹೇಳುವ ಮೇಷ್ಟ್ರು. ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ 'ಮಕ್ಕಳು ಮತ್ತು ಮೊಬೈಲ್' ಎಂದು ಮುಕ್ಕಾಲು ಗಂಟೆ ಕೊರೆದೆ. ಎಷ್ಟು ಹೊತ್ತು ಕೊಡಬೇಕು, ಯಾವ ಬೀಗ ಹಾಕಬೇಕು, ಎಲ್ಲ ಹೇಳಿದೆ. ಮನೆಗೆ ಬಂದು ಚೌಡಕ್ಕನ ಮುಂದೆಯೂ ಕೊಚ್ಚಿಕೊಂಡೆ.

"ಅದೆಲ್ಲ ಸರಿ. ಹುಡುಗ್ರು ಪೋಗು ಅಂತ ಕೂಗಿದ್ರೆ ಅಪ್ಪ ಅವ್ವ ಏನನ್ಬೇಕು ಅಂತ ಹೇಳಿದ್ರಾ?"

"ಕೂಗೋ ಪರಿಸ್ಥಿತಿನೇ ಬರಬಾರದು ಚೌಡಕ್ಕ. ನಮ್ಮ ಕಾವ್ಯಂಗೆ ಹೇಳಿದೀನಿ, ಫೋನಲ್ಲಿ ಏನಾದ್ರೂ ಎಡವಟ್ಟು ಮಾಡ್ಕೊಂಡ್ರೆ ಎಕ್ಕಡ ತಗೊಳ್ತೀನಿ ಅಂತ."

"ಛೀ ಪಾಡು! ಹರಿಯದೇ ಇರೋ ಎಳೆ ಯಾವ ಮಗ್ಗದಾಗೈತ್ರೀ?" ಎಂದು ಮುಖ ತಿರುಗಿಸಿ ಲಾಳಿ ಎಸೆದಳು.

ಆ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಚೌಡಕ್ಕ ತನ್ನದೇ ಹಸಿರು ರೇಷ್ಮೆ ಸೀರೆಯನ್ನು ಕಾವ್ಯಳಿಗೆ ಉಡಿಸಿದಳು. ಆಗವಳು ಎಂಟನೇ ಕ್ಲಾಸು. ನಾನು ಫೋಟೊ ತೆಗೆದು ಜಾಲತಾಣದಲ್ಲಿ ಊರೆಲ್ಲ ನೋಡುವಂತೆ ಹಾಕಿದೆ. ಮಗಳ ಹೆಸರು, ಕ್ಲಾಸು, ಶಾಲೆ, ಒಂದೂ ಬಿಡಲಿಲ್ಲ. ಮೆಚ್ಚಿದವರನ್ನು ಎಣಿಸುತ್ತ ಎರಡು ದಿನ ಮೀಸೆ ತಿರುವಿದೆ. ಈಗ ನೆನೆಸಿಕೊಂಡರೆ ನನಗೆ ನಾನೇ ಛೀ ಪಾಡು ಅಂದುಕೊಳ್ಳುತ್ತೇನೆ.

ಎರಡು ತಿಂಗಳಾದ ಮೇಲೆ ಮಗಳು ಸರಿಯಾಗಿ ಉಣ್ಣುತ್ತಿರಲಿಲ್ಲ. ಪರೀಕ್ಷೆಯ ಭಯವಿರಬೇಕೆಂದು ಮೇಷ್ಟ್ರ ಬುದ್ಧಿ ಓಡಿಸಿದೆ. ಒಂದು ಭಾನುವಾರ ಮಧ್ಯಾಹ್ನ ಚೌಡಕ್ಕ ನನ್ನನ್ನು ಮನೆಯ ಮುಂಭಾಗಕ್ಕೆ ಕರೆದಳು. ಕಾವ್ಯ ಮಗ್ಗದ ಮೂಲೆಯಲ್ಲಿ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ನಡೆದದ್ದನ್ನು ಚೌಡಕ್ಕ ಹೇಳಿದಳು.

ಹುಡುಗಿ ಬಂದು ಸುಮ್ಮನೆ ಕೂತವಳು ಮೆಲ್ಲಗೆ "ಅಜ್ಜೀ, ಪೋಗು" ಎಂದಳಂತೆ. ಚೌಡಕ್ಕ ಲಾಳಿ ನಿಲ್ಲಿಸಿ ನೋಡಿದಳು. ಒಂದು ಎಳೆಯೂ ಹರಿದಿರಲಿಲ್ಲ. ಮತ್ತೆ ಹುಡುಗಿಯ ಮುಖ ನೋಡಿದಳು. "ಎಕ್ಕಡ?" ಎಂದಳು. ಕಾವ್ಯ ಫೋನು ಮುಂದೆ ಹಿಡಿದು, ಅದರಲ್ಲಿದ್ದುದನ್ನು ಓದಿ ಹೇಳಿದಳು.

ಬೇರೆ ಶಾಲೆಯ ಹುಡುಗಿಯೆಂದು ಹೇಳಿಕೊಂಡು ಯಾವನೋ ಅವಳ ಗೆಳೆತನ ಮಾಡಿದ್ದ. ಮೊದಲ ಮಾತೇ 'ಹಸಿರು ಸೀರೆಯಲ್ಲಿ ಬೊಂಬೆ ಥರ ಕಾಣ್ತೀಯ' ಎಂದು. ವಾರಗಟ್ಟಲೆ ಸಿಹಿ ಮಾತು, ಆಮೇಲೆ ಫೋಟೊ ಕಳಿಸೆಂಬ ಕಾಟ. ಎಂಥ ಫೋಟೊ ಎಂದು ಬರೆಯಲು ನನ್ನ ಕೈ ಬಾರದು. ಹುಡುಗಿ ಕಳಿಸಿರಲಿಲ್ಲ. ಕಳಿಸದಿದ್ದರೆ ಈ ಮಾತುಕತೆಯನ್ನೆಲ್ಲ ನಿಮ್ಮಪ್ಪನಿಗೆ ತೋರಿಸುತ್ತೇನೆಂದು ಹೆದರಿಸಿದ್ದ. ಥೂ, ಆ ಹಲ್ಕಾ ನನ್ನ ಮಗಳನ್ನು ಹೆದರಿಸಿದ್ದು ನನ್ನ ಹೆಸರಿನಿಂದ!

ಆಗ ನಾನು ಮಾಡಿದ್ದೇನು? "ಎಲ್ಲಿ ನನ್ನ ಎಕ್ಕಡ?" ಎಂದು ಕಿರುಚಿದೆ. ಹೊಸಿಲಾಚೆಯಿಂದ ಒಂದನ್ನು ಎತ್ತಿಯೇಬಿಟ್ಟೆ. ಮಗಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

ಅರವತ್ತೈದು ದಾಟಿದ ಚೌಡಕ್ಕ ಗುಂಡಿಯಿಂದ ಹೇಗೆ ಎದ್ದಳೋ, ನನ್ನ ಮುಂದೆ ನಿಂತಿದ್ದಳು.

"ಛೀ ಪಾಡು! ಎಕ್ಕಡ ಅಂತ ಕೇಳ್ರಿ ಅಂದ್ರೆ ಎಕ್ಕಡ ಹಿಡ್ಕೊಂಡು ಬರ್ತೀರಲ್ರೀ! ಹೊಡೀರಿ ಹಂಗಾದ್ರೆ. ಇವತ್ತು ಹೊಡೀರಿ, ಈ ಜನ್ಮದಾಗೆ ಇನ್ನೊಂದ್ಸಲ ನಿಮ್ಮ ಹತ್ರ ಬಾಯಿ ಬಿಡಾದಿಲ್ಲ ಈ ಹುಡುಗಿ. ಆ ನಾಯಿಗೆ ಬೇಕಾಗಿರೋದೂ ಅದೇ ಐತೆ."

ಕೈಯಿಂದ ಚಪ್ಪಲಿ ಜಾರಿತು. ಆದರೂ ಬುದ್ಧಿ ಬರಲಿಲ್ಲ. ಮರ್ಯಾದೆ ಹೋಗುತ್ತದೆಂದು ಫೋನು ಕಿತ್ತುಕೊಂಡು ಅಷ್ಟನ್ನೂ ಅಳಿಸಿಹಾಕಲು ಹೊರಟೆ. ಆಕೆ ನನ್ನ ಮಣಿಕಟ್ಟು ಹಿಡಿದಳು.

"ಹರಿದ ಎಳೇದು ತುದಿ ಸಿಕ್ಕರೇನೇ ಗಂಟು ಹಾಕಾಕೆ ಆಗೋದು. ತುದೀನೇ ಕಿತ್ತು ಬಿಸಾಕಿದ್ರೆ ಏನ್ ಹುಡುಕ್ತೀರಿ? ಪೊಲೀಸರಿಗೆ ಹಂಗೇ ತೋರಿಸ್ರಿ, ನಡೀರಿ."

ನಮ್ಮ ಜೊತೆ ಆಕೆಯೂ ಬಂದಳು, ಮಗ್ಗಕ್ಕೆ ಕೂತಾಗ ಉಟ್ಟಿದ್ದ ಸೀರೆಯಲ್ಲೇ. ಠಾಣೆಯವರು ಎಲ್ಲ ಓದಿ, ಅಳಿಸದೆ ತಂದದ್ದು ಒಳ್ಳೆಯದಾಯಿತು ಎಂದರು. ಹಸಿರು ಸೀರೆಯ ಫೋಟೊ ಅವನಿಗೆ ಹೇಗೆ ಸಿಕ್ಕಿತು ಎಂದು ಕೇಳಿದರು. ನಾನೇ ಹಾಕಿದ್ದೆಂದು ಬಾಯಿ ಬಿಡಬೇಕಾಯಿತು. ಚೌಡಕ್ಕ ನನ್ನ ಕಡೆ ನೋಡಿದಳು. ಛೀ ಪಾಡು ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಸಿಕ್ಕಿಬಿದ್ದವನು ನಲವತ್ತು ದಾಟಿದವನು, ಅವನಿಗೂ ಮಕ್ಕಳಿದ್ದರು. ಅವನ ಫೋನಿನಲ್ಲಿ ಇನ್ನೂ ಎಷ್ಟೋ ಹುಡುಗಿಯರ ಹೆಸರಿದ್ದವಂತೆ. ಆ ಹುಡುಗಿಯರು ಯಾರ ಬಳಿಯೂ ಕೂಗಿರಲಿಲ್ಲ. ಅವರ ಮನೆಗಳಲ್ಲೂ ನನ್ನಂಥ ಅಪ್ಪಂದಿರು ಇದ್ದಿರಬೇಕು.

ಮುಂದೆ ನಾವು ಚಳ್ಳಕೆರೆಗೆ ಮನೆ ಬದಲಾಯಿಸಿದೆವು. ಹೋದ ವರ್ಷ ಚೌಡಕ್ಕನಿಗೆ ಹುಷಾರಿಲ್ಲವೆಂದು ತಿಳಿದು ಕಾವ್ಯಳ ಜೊತೆ ನೋಡಲು ಹೋದೆ. ಮಗ್ಗದ ಗುಂಡಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿಸಿದ್ದರು. ಅದರ ಮೇಲೇ ಆಕೆಯ ಮಂಚ. ಕಣ್ಣು ಪೂರ್ತಿ ಮಂಜು. ಕಾವ್ಯಳ ಕೈ ಸವರಿ "ಕೂಗ್ತೀಯಾ?" ಎಂದಳು.

"ಕೂಗ್ತೀನಿ ಅಜ್ಜಿ."

ಮುಖ ನನ್ನತ್ತ ತಿರುಗಿತು. "ನೀವೇನ್ರೀ, ಇನ್ನೂ ಎಕ್ಕಡ ಹುಡುಕ್ತೀರಾ?"

"ಇಲ್ಲ ಚೌಡಕ್ಕ."

"ಛೀ ಪಾಡು, ಸುಳ್ಳು," ಎಂದು ಬೊಚ್ಚುಬಾಯಲ್ಲಿ ನಕ್ಕಳು. ಹದಿನೈದು ದಿನಕ್ಕೆ ತೀರಿಕೊಂಡಳು.

ಆಕೆ ಹೇಳಿದ್ದು ನಿಜ. ಹೋದ ತಿಂಗಳು ಒಂದು ಸಂಜೆ, ಈಗ ಪಿಯುಸಿ ಓದುತ್ತಿರುವ ಕಾವ್ಯ ಫೋನು ಹಿಡಿದು ನನ್ನ ಕುರ್ಚಿಯ ಮುಂದೆ ಬಂದು ನಿಂತಳು. ಮುಖ ಬಿಳಿಚಿತ್ತು. ಹಿಂದೆಂದೂ ನನಗೆ ಹೇಳದ ಮಾತನ್ನು ಹೇಳಿದಳು.

"ಅಪ್ಪಾ, ಪೋಗು."

ಸಿಟ್ಟು ಬಂತು. ಕುರ್ಚಿಯ ಕೆಳಗೆ ನನ್ನ ಕಾಲು ತಾನಾಗಿಯೇ ಚಪ್ಪಲಿ ತಡಕಾಡಿತು. ಥೂ ನನ್ನ ಜನ್ಮಕ್ಕೆ! ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡು ಕೂತೆ.

"ಎಕ್ಕಡ?" ಎಂದೆ.

ಕಾವ್ಯ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಫೋನು ನನ್ನ ಕೈಗೆ ಕೊಟ್ಟಳು.